ಕಸದ ಡಬ್ಬಿಗೆ ಅಂಟಿದ ಹೆಸರು

ಮಾರ್ಚ್ ೫, ಮಂಗಳವಾರ

ಐವತ್ತೊಂಬತ್ತು ವರ್ಷ ದಿನಚರಿಯ ಗೊಡವೆಯಿಲ್ಲದೆ ಬದುಕಿದವಳು ಇವತ್ತು ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿನ ಜೊತೆ ಈ ನೋಟ್‌ಬುಕ್ಕನ್ನೂ ಕೊಂಡೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಎಲ್ಲೋ ಒಂದು ಕಡೆ ಬಾಯಿ ತಾನಾಗಿ ತೆರೆದುಕೊಂಡೀತು ಎಂಬ ಭಯ.

ಮಧ್ಯಾಹ್ನ ಸ್ಕೂಲ್ ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ಇಳಿಯುವ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಚಳಿಗಾಲವಿಡೀ ಬಿಡದ ಕೆಮ್ಮಿಗೆಂದು ತೆಗೆಸಿದ ಸ್ಕ್ಯಾನಿನಲ್ಲಿ, ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ, ಒಂದು ಚುಕ್ಕೆ ಕಂಡಿದೆಯಂತೆ. ಬಟಾಣಿ ಕಾಳಿನಷ್ಟು. "ಗಾಬರಿ ಆಗ್ಬೇಡಿ, ಬಂದು ಡಾಕ್ಟರನ್ನ ನೋಡಿ" ಎಂದಳು ಆ ಹುಡುಗಿ. ಗಾಬರಿಯಾಗಬೇಡಿ ಎಂದು ಯಾರಾದರೂ ಹೇಳಿದರೇ ನನಗೆ ಗಾಬರಿ ಶುರುವಾಗುವುದು. ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನನ್ನ ಗಂಡ ವಿನ್ಸ್‌ಗೆ ಹೇಳಲಿಲ್ಲ. ಹೇಗೆ ಹೇಳಲಿ? ಅವನ ಅಣ್ಣ ಫ್ರಾಂಕ್‌ಗೂ ಒಂದು ಚುಕ್ಕೆ ಎಂದೇ ಶುರುವಾಗಿದ್ದು. ಬೇಸಿಗೆಯಲ್ಲಿ ಗೊತ್ತಾಯಿತು, ಸೆಪ್ಟೆಂಬರಿನಲ್ಲಿ ಆ ವರ್ಷದ ಮೊದಲ ಪಂದ್ಯ ನೋಡಲು ಅವನಿರಲಿಲ್ಲ. ಗ್ಯಾರೇಜಿನಲ್ಲಿ ಅವನ ಮಡಚುವ ಕುರ್ಚಿ ಇದ್ದಲ್ಲೇ ಇದೆ, ಅದರಲ್ಲಿ ಯಾರೂ ಕೂರುವುದಿಲ್ಲ.

ಮಂಗಳವಾರವಾದ್ದರಿಂದ ಸಂಜೆ ಗ್ಯಾರೇಜು ತುಂಬಿತು. ತುಂಬಿತು ಎಂದರೆ ನಾಲ್ಕೇ ಜನ. ನಾನು, ವಿನ್ಸ್, ಹಿಂದಿನ ಬೀದಿಯ ರೂಡಿ ಝುಪಾನ್, ಟಪಾಲು ಹಂಚುವ ಓಡೆಲ್. ರೂಡಿಯ ಗಂಟಲೊಂದೇ ಹತ್ತು ಜನಕ್ಕೆ ಸಮ. ಹೋದ ವರ್ಷ ನಮ್ಮೂರ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿದ್ದರಿಂದ ಏಪ್ರಿಲ್ ಕೊನೆಯ ಡ್ರಾಫ್ಟಿನಲ್ಲಿ ಕಾಲೇಜು ಹುಡುಗರನ್ನು ಆರಿಸುವಾಗ ನಮಗೆ ಏಳನೆಯ ಸರದಿ. ಹೆಚ್ಚು ಸೋತವರು ಮೊದಲು ಆರಿಸುತ್ತಾರೆ. ಬೇರೆ ಊರಿನವರಿಗೆ ಪಂದ್ಯಗಳೇ ಹಬ್ಬ. ಕ್ಲೀವ್‌ಲ್ಯಾಂಡಿನವರಾದ ನಮಗೆ ಡ್ರಾಫ್ಟೇ ಹಬ್ಬ, ಯಾಕೆಂದರೆ ಆ ಒಂದು ದಿನ ನಾವಿನ್ನೂ ಸೋತಿರುವುದಿಲ್ಲ.

ಹಳೇ ಫ್ರಿಜ್ಜಿನ ಬಾಗಿಲೇ ನಮ್ಮ ಬೋರ್ಡು. ವಿನ್ಸ್ ಬದುಕಿಡೀ ಮನೆಗಳಿಗೆ ಬಣ್ಣ ಬಳಿದವನು, ಅವನಲ್ಲಿ ಕಾಗದದ ಟೇಪಿಗೆ ಬರವಿಲ್ಲ. ಒಂದೊಂದು ತುಂಡಿನ ಮೇಲೂ ಒಬ್ಬೊಬ್ಬ ಹುಡುಗನ ಹೆಸರು ಬರೆದು, ಯೋಗ್ಯತೆಗೆ ತಕ್ಕಂತೆ ಮೇಲಿಂದ ಕೆಳಕ್ಕೆ ಅಂಟಿಸುತ್ತಾನೆ. ಬೇಡವಾದವರನ್ನು ಕಿತ್ತು ಕಸದ ಡಬ್ಬಿಯ ಮುಚ್ಚಳಕ್ಕೆ ಅಂಟಿಸುವುದು ಫ್ರಾಂಕ್ ಮಾಡಿಟ್ಟ ಪದ್ಧತಿ. ಹಾಗೆ ಅಂಟಿದವನು ಮತ್ತೆ ಬೋರ್ಡಿಗೆ ಬರುವಂತಿಲ್ಲ.

ಇವತ್ತಿನ ಜಗಳ ಡೇಮನ್ ಪೆಟ್‌ವೇ ಎಂಬ ಅಲಬಾಮಾದ ಹುಡುಗನದು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಕಣ್ಣಿಗೆ ಬೀಳದ ಎಡ ಹಿಂಬದಿಯನ್ನು ಕಾಯುವ ಆಟಗಾರ. ಬೆಟ್ಟದಂಥ ಆಳು, ಬೋರ್ಡಿನಲ್ಲಿ ಎರಡನೆಯವನಾಗಿದ್ದ. ಹೋದ ವಾರ ತಂಡಗಳ ಡಾಕ್ಟರುಗಳು ಹುಡುಗರನ್ನೆಲ್ಲ ತಪಾಸಣೆ ಮಾಡಿದಾಗ ಅವನ ಕತ್ತಿನ ಮೂಳೆಯಲ್ಲಿ ಏನೋ ಐಬು ಕಂಡಿತಂತೆ. ಓಡೆಲ್ ಇನ್ನೂ ನೋಡೋಣ ಎಂದ. ನಾನು ಬಿಡಲಿಲ್ಲ. "ಕತ್ತು ಕೆಟ್ಟವನನ್ನ ತಗೊಂಡು ಏನ್ಮಾಡ್ತೀರಿ? ಶೋಕೇಸಲ್ಲಿ ಇಡ್ತೀರಾ? ಒಂದು ಗುದ್ದು ಬಿದ್ರೆ ಮುಗೀತು. ಕಸಕ್ಕೆ ಹಾಕ್ರಿ ಅವನನ್ನ!" ಎಂದೆ. ರೂಡಿ ಚಪ್ಪಾಳೆ ತಟ್ಟಿದ. "ಗ್ಯಾರೇಜಲ್ಲಿ ತಲೆ ಇರೋದು ಇವಳೊಬ್ಬಳಿಗೇ" ಎಂದ. ವಿನ್ಸ್‌ಗೆ ಮನಸ್ಸು ಬರಲಿಲ್ಲ, ಪೆಟ್‌ವೇಯನ್ನು ಫ್ರಿಜ್ಜಿನ ಕೆಳತುದಿಗೆ ಇಳಿಸಿ ಸುಮ್ಮನಾದ.

ಮಾರ್ಚ್ ೮, ಶುಕ್ರವಾರ

ಚರ್ಚಿನ ಕೆಳಮಹಡಿಯಲ್ಲಿ ಈಸ್ಟರಿಗೆ ಮುಂಚಿನ ಉಪವಾಸ ಕಾಲದ, ಮಾಂಸ ಬಿಟ್ಟ ಮೀನೂಟ. ಸಾಲಿನಲ್ಲಿ ನಿಂತಾಗ ಹೇಳಿಬಿಡೋಣ ಎನ್ನಿಸಿತು. ಜನರ ಮಧ್ಯೆ ಅವನು ಅಳಲಾರ ಎಂಬ ಲೆಕ್ಕಾಚಾರ. "ವಿನ್ಸ್" ಎಂದೆ. ಅದೇ ಹೊತ್ತಿಗೆ ಬಡಿಸುವ ಹೆಂಗಸು ಅವನ ತಟ್ಟೆಗೆ ಎರಡು ತುಂಡು ಮೀನು ಹಾಕಿ, "ಫ್ರಾಂಕ್‌ದೂ ನೀನೇ ತಿನ್ನು" ಎಂದಳು. ಅವನು ನಕ್ಕ, ಆಮೇಲೆ ಊಟ ಮುಗಿಯುವವರೆಗೂ ತಲೆ ಎತ್ತಲಿಲ್ಲ. ನಾನು ಬಾಯಿಗೆ ಮೀನು ತುರುಕಿಕೊಂಡೆ.

ಮಾರ್ಚ್ ೧೪, ಗುರುವಾರ

ಡಾಕ್ಟರ್ ಫೆಲ್ಡ್‌ಮನ್ ಗಿಡ್ಡ ಹೆಂಗಸು, ಕೈ ಬೆಚ್ಚಗಿದೆ. ಸ್ಕ್ಯಾನನ್ನು ಪರದೆಯ ಮೇಲೆ ತೋರಿಸಿದರು. ನನ್ನೊಳಗೆ ನನಗೆ ತಿಳಿಯದಂತೆ ಬಿಡಾರ ಹೂಡಿದ ಆ ಬಿಳಿ ಚುಕ್ಕೆಯನ್ನು ನೋಡಲಾಗದೆ ಅವರ ಬಳೆ ನೋಡುತ್ತ ಕೂತೆ.

"ಏನೂ ಅಲ್ಲದೇ ಇರ್ಬಹುದು. ಇದ್ರೂ ಇರ್ಬಹುದು. ತೆಗೆದು ನೋಡಿದ್ರೇ ಗೊತ್ತಾಗೋದು. ನಾನಾಗಿದ್ರೆ ತಡ ಮಾಡ್ತಿರ್ಲಿಲ್ಲ" ಎಂದರು.

"ಡ್ರಾಫ್ಟ್ ಮುಗೀಲಿ ಡಾಕ್ಟ್ರೇ, ಆಮೇಲೆ ಬರ್ತೀನಿ."

ಅವರು ನನ್ನನ್ನೇ ನೋಡಿದರು. "ನಾನೂ ಇದೇ ಊರಿನವಳೇ ಕಣ್ರೀ. ಈ ತಂಡ ಉದ್ಧಾರ ಆಗ್ಲಿ ಅಂತ ಕಾಯ್ತಾ ಕೂತ್ರೆ ನಾವೆಲ್ಲ ಸತ್ತೇ..." ಎಂದು ಅರ್ಧಕ್ಕೆ ನಿಲ್ಲಿಸಿ ಕೆಂಪಗಾದರು. ಪಾಪ, ಬೇರೆ ದಿನವಾಗಿದ್ದರೆ ನಾನೇ ಜೋರಾಗಿ ನಗುತ್ತಿದ್ದೆ.

ಮೇ ತಿಂಗಳಿಗೆ ಎಂದು ಹೇಳಿ ಬಂದೆ. ವಿನ್ಸ್‌ಗೆ ಡಿಪೋದಲ್ಲಿ ಮೀಟಿಂಗ್ ಇತ್ತು ಎಂದೆ.

ಮಾರ್ಚ್ ೧೯, ಮಂಗಳವಾರ

ಬಸ್ಸಿನಲ್ಲಿ ಕ್ರೀಡಾ ರೇಡಿಯೊ ಹಾಕಿದ್ದೆ. ಬೆಳಗಿನಿಂದ ಅದೇ ಪೆಟ್‌ವೇ, ಅದೇ ಕತ್ತು. ಫೋನ್ ಮಾಡಿದವರೆಲ್ಲ ಡಾಕ್ಟರುಗಳೇ. ಒಬ್ಬ ಎರಡು ವರ್ಷ ಬಾಳಿಕೆ ಬರ್ತಾನೆ ಅಂದ. ಇನ್ನೊಬ್ಬ ಕೊಟ್ಟ ಕಾಸು ದಂಡ ಅಂದ. ಸಂತೆಯಲ್ಲಿ ದನದ ಹಲ್ಲು ಎಣಿಸುವ ಹಾಗೆ. ಆ ಹುಡುಗನಿಗೂ ಮನೆಯಲ್ಲಿ ರೇಡಿಯೊ ಇರುವುದಿಲ್ಲವೇ? ರೇಡಿಯೊ ಆರಿಸಿದೆ. ಹಿಂದಿನ ಸೀಟಿನ ಮಕ್ಕಳು ಕೂಗಿಕೊಂಡರು, ಕೂಗಿಕೊಳ್ಳಲಿ.

ಹಸಿರು ದೀಪ ಬಿದ್ದರೂ ಬಸ್ಸು ನಿಲ್ಲಿಸಿಕೊಂಡಿದ್ದೆ.

ಮಾರ್ಚ್ ೨೬, ಮಂಗಳವಾರ

ಏನು ಮಾಡಿಬಿಟ್ಟೆ ನಾನು!

ಇವತ್ತು ಹೇಳಲೇಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಗ್ಯಾರೇಜಿಗೆ ಹೋದೆ. ವಿನ್ಸ್‌ನೊಬ್ಬನಿಗೇ ಹೇಳುವ ಧೈರ್ಯ ಇಲ್ಲ, ನಾಲ್ಕು ಜನರೆದುರು ಹೇಳಿದರೆ ಯಾರಾದರೂ ಅವನನ್ನು ಹಿಡಿದುಕೊಂಡಾರು ಎಂದುಕೊಂಡಿದ್ದೆ. ಹೀಟರ್ ಉರಿಯುತ್ತಿತ್ತು, ಹೊರಗೆ ಸರೋವರದ ಕಡೆಯಿಂದ ಹಿಮಗಾಳಿ. ರೂಡಿ ಚಿಪ್ಸ್ ಪೊಟ್ಟಣದೊಳಗೆ ಮೊಣಕೈವರೆಗೆ ಕೈ ಇಳಿಸಿದ್ದ. ಬಾಯಿ ತೆರೆದೆ.

"ಒಬ್ಬನಿದಾನೆ" ಎಂದುಬಿಟ್ಟೆ.

"ಯಾರು?" ವಿನ್ಸ್ ಪೆನ್ನು ತೆಗೆದ.

ಆಗಲೇ ದಾರಿ ತಪ್ಪಿತ್ತು. ತಿದ್ದಿಕೊಳ್ಳಬಹುದಿತ್ತು. ತಿದ್ದಿಕೊಳ್ಳಲಿಲ್ಲ, ಅದೇ ದಾರಿಯಲ್ಲಿ ಹೋದೆ. "ಸಣ್ಣ ಕಾಲೇಜು, ನಿಮಗ್ಯಾರಿಗೂ ಗೊತ್ತಿಲ್ಲ. ಗಟ್ಟಿ ಆಳು. ಒಂದು ದಿನ ರಜಾ ಹಾಕಿದೋನಲ್ಲ. ಹೇಳಿದ ಕೆಲಸ ಮಾಡ್ತಾನೆ, ಆದ್ರೆ ಎದುರು ಮಾತಾಡ್ತಾನೆ."

"ನಮ್ಮ ಮಾರ್ಲೀನ್ ಥರಾನೇ!" ರೂಡಿ ಚಿಪ್ಸ್ ಉದುರಿಸುತ್ತ ನಕ್ಕ.

"ಮೊನ್ನೆ ಸ್ಕ್ಯಾನಲ್ಲಿ ಎಡ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿದೆ. ಬಟಾಣಿಯಷ್ಟು. ಏನೂ ಅಲ್ಲದೇ ಇರ್ಬಹುದು ಅಂದಿದಾರೆ." ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸುತ್ತಿತ್ತು. "ಅಂಥವನನ್ನ ತಗೋತೀರಾ?"

ರೂಡಿ ಅಗಿಯುವುದನ್ನು ನಿಲ್ಲಿಸಿದ. ವಿನ್ಸ್‌ನ ಕಣ್ಣು ಫ್ರಾಂಕ್‌ನ ಕುರ್ಚಿಯ ಕಡೆ ಹೋಗಿ ತಟ್ಟನೆ ವಾಪಸು ಬಂತು.

"ಬೇಡ" ಎಂದ.

"ಪೂರ್ತಿ ಕೇಳು ವಿನ್ಸ್..."

"ಬೇಡ ಅಂದ್ನಲ್ಲ! ಶ್ವಾಸಕೋಶ ಅಂದ್ಮೇಲೆ ಮುಗೀತು. ಪಾಪದ ಹುಡುಗ, ದೇವರು ಕಾಪಾಡ್ಲಿ. ಆದ್ರೆ ನಮ್ಮ ಬೋರ್ಡಲ್ಲಿ ಬೇಡ. ನಾನಂತೂ ಅದನ್ನ ಇನ್ನೊಂದ್ಸಲ ನೋಡಲಾರೆ." ಟೇಪಿನ ತುಂಡು ಹರಿದ. "ಹೆಸರೇನು ಅವನದು?"

"ಗೊತ್ತಿಲ್ಲ."

ಒಂದು ಪ್ರಶ್ನೆ ಚಿಹ್ನೆ ಬರೆದ. ಎದ್ದು ಹೋಗಿ, ಕಸದ ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿ, ಏಳದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಉಜ್ಜಿದ. ಬಣ್ಣದವನ ಬೆರಳು, ಅಂಟಿಸಿದ್ದು ಏಳುವುದಿಲ್ಲ.

ನಾನು ಪಕ್ಕದಲ್ಲೇ ಕೂತಿದ್ದೆ. ಅವನು ವಾಪಸು ಬಂದು ಕೂತಾಗ ಅವನ ತೋಳು ನನ್ನ ಭುಜಕ್ಕೆ ತಾಗುತ್ತಿತ್ತು. ಓಡೆಲ್ ಮಾತ್ರ ಟೋಪಿ ಹಾಕಿಕೊಳ್ಳುವಾಗ ಕೇಳಿದ, "ನೀನಾದ್ರೆ ತಗೋತಿದ್ದ್ಯಾ, ಮಿಸ್ ಮಾರ್ಲೀನ್?" ನಾನು ರೂಡಿ ಉದುರಿಸಿದ ಚಿಪ್ಸ್ ಗುಡಿಸತೊಡಗಿದೆ.

ಮಾರ್ಚ್ ೨೭, ಬುಧವಾರ

ಕಸದ ಲಾರಿ ಬರುವ ದಿನ. ಡಬ್ಬಿಯನ್ನು ಬೀದಿಗೆ ಉರುಳಿಸಿಕೊಂಡು ಹೋಗಿ ಇಟ್ಟವಳು ನಾನೇ.

ಏಪ್ರಿಲ್ ೨, ಮಂಗಳವಾರ

ವಿನ್ಸ್‌ಗೆ ಹೊಸ ಹುಚ್ಚು. ತನಗೆ ಗೊತ್ತಿಲ್ಲದ ಆಟಗಾರನೊಬ್ಬ ತನ್ನ ಹೆಂಡತಿಗೆ ಗೊತ್ತಿರುವುದು ಅವನಿಗೆ ಮಹಾ ಅವಮಾನವಾಗಿಬಿಟ್ಟಿದೆ. "ಯಾವ ಕಾಲೇಜು ಅಂತಾದ್ರೂ ಹೇಳೇ" ಎಂದು ಬೆಳಗಿನ ಕಾಫಿಯಿಂದಲೇ ಶುರು. ರೇಡಿಯೊದಲ್ಲಿ ಯಾರೋ ಹೇಳಿದರು, ಸರಿಯಾಗಿ ಕೇಳಿಸಲಿಲ್ಲ ಎಂದು ಜಾರಿಕೊಂಡೆ. ಈಗ ಕಂಪ್ಯೂಟರಿನ ಮುಂದೆ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಒಂದೊಂದೇ ಕಾಲೇಜನ್ನು ಜಾಲಾಡುತ್ತಿದ್ದಾನೆ. ಹುಡುಕಿ ಮುಗಿಸಿದ ದಿನ ಏನು ಗತಿ?

ಸಂಜೆ ಗ್ಯಾರೇಜಿನಲ್ಲಿ ರೂಡಿ ಪೆಟ್‌ವೇಯ ಟೇಪು ಕೀಳಲು ಹೋದ. ಕೈ ಮೇಲೆ ಒಂದು ಬಿಟ್ಟೆ.

"ಮುಟ್ಬೇಡ ಅವನನ್ನ! ಕಾಲೇಜಲ್ಲಿ ಒಂದು ಪಂದ್ಯ ಬಿಟ್ಟಿದಾನಾ? ಇಲ್ವಲ್ಲ? ಸ್ಕ್ಯಾನಲ್ಲಿ ಏನೋ ಕಾಣ್ಸಿದ್ರೆ ಆಯ್ತಾ? ಆಡೋದು ಸ್ಕ್ಯಾನಾ, ಮನುಷ್ಯನಾ?"

"ಅಲ್ಲ ಮಾರಾಯ್ತಿ, ಹೋದ ತಿಂಗಳು ಕಸಕ್ಕೆ ಹಾಕ್ರಿ ಅಂತ ಕೂಗಿದ್ದು ಯಾರು?"

"ನಾನಾ? ನಾನ್ಯಾಕೆ ಅಂತೀನಿ ಹಾಗೆ? ನೀನೇ ಅಂದಿದ್ದು."

ರೂಡಿ ವಿನ್ಸ್‌ನ ಮುಖ ನೋಡಿದ, ವಿನ್ಸ್ ಓಡೆಲ್‌ನ ಮುಖ ನೋಡಿದ. ಈ ಗಂಡಸರ ನೆನಪು ಇಷ್ಟೇ. ಹೇಳಿದ್ದು ತಾವು, ಹೊರಿಸುವುದು ನನ್ನ ಮೇಲೆ.

ಏಪ್ರಿಲ್ ೧೧, ಗುರುವಾರ

ಬೆಳಗಿನ ಟ್ರಿಪ್ಪಿನಲ್ಲಿ ಕೆಮ್ಮು ಬಂತು. ಕರವಸ್ತ್ರದಲ್ಲಿ ಕೆಂಪಗೆ ಒಂದು ಹನಿ.

ಲಿಪ್‌ಸ್ಟಿಕ್ ಇರಬಹುದು ಎಂದುಕೊಂಡೆ. ನಾನು ಲಿಪ್‌ಸ್ಟಿಕ್ ಹಚ್ಚುವುದೇ ಇಲ್ಲ.

ಏಪ್ರಿಲ್ ೧೨, ಶುಕ್ರವಾರ

ಕೆಂಪು ಹನಿಯ ವಿಷಯ ಫೋನಿನಲ್ಲಿ ಹೇಳಿದೆ. ಡಾಕ್ಟರ್ ಫೆಲ್ಡ್‌ಮನ್ ತಾವೇ ಮಾತಾಡಿದರು. ಯಾರದೋ ಆಪರೇಷನ್ ಮುಂದಕ್ಕೆ ಹೋಗಿದೆಯಂತೆ, ಇಪ್ಪತ್ತೈದರ ಗುರುವಾರ ಬೆಳಗ್ಗೆ ಖಾಲಿ ಇದೆಯಂತೆ. "ಬಂದ್ಬಿಡಿ. ಮೇ ತನಕ ಬೇಡ" ಎಂದರು. ಅವರ ದನಿಯಲ್ಲಿ ಈ ಸಲ ನಗೆ ಇರಲಿಲ್ಲ.

"ಅವತ್ತೇ ಡ್ರಾಫ್ಟು, ಆಗಲ್ಲ" ಎಂದು ಫೋನಿಟ್ಟೆ.

ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತೆ. ಡ್ರಾಫ್ಟಂತೆ ಡ್ರಾಫ್ಟು! ನನಗೆ ಬೇಕಾಗಿರುವುದು ಡ್ರಾಫ್ಟಲ್ಲ, ಗೊತ್ತಿಲ್ಲದೆ ಇರುವುದು. ಗೊತ್ತಾಗುವವರೆಗೆ ನಾನಿನ್ನೂ ಸೋತಿರುವುದಿಲ್ಲ.

ಏಪ್ರಿಲ್ ೧೬, ಮಂಗಳವಾರ

ಟೀವಿಯಲ್ಲಿ ಪೆಟ್‌ವೇ ಮತ್ತು ಅವನ ತಾಯಿಯನ್ನು ತೋರಿಸಿದರು. ಆರೂವರೆ ಅಡಿಯ ಮಗ ಕೂತಿದ್ದಾನೆ, ಗುಬ್ಬಿಯಂಥ ತಾಯಿ ಪಕ್ಕದಲ್ಲಿ ನಿಂತು ಅವನ ಕಾಲರ್ ಸರಿಮಾಡುತ್ತಾಳೆ. ಕತ್ತಿನ ಬಗ್ಗೆ ಕೇಳಿದರೆ, "ಆ ಕತ್ತನ್ನ ಹುಟ್ಟಿದಾಗಿಂದ ನೋಡ್ತಿದೀನಿ, ಚೆನ್ನಾಗೇ ಇದೆ" ಎಂದಳು. ನನಗೆ ಅಳು ಬಂದುಬಿಟ್ಟಿತು. ಈರುಳ್ಳಿ ಹೆಚ್ಚುತ್ತಿದ್ದೆನಾದ್ದರಿಂದ ವಿನ್ಸ್‌ಗೆ ಗೊತ್ತಾಗಲಿಲ್ಲ. ಅವನಿಗೆ ಇತ್ತೀಚೆಗೆ ಏನೂ ಗೊತ್ತಾಗುತ್ತಿಲ್ಲ. ಮಾತೂ ಕಡಿಮೆಯಾಗಿದೆ. ಆ ಹೆಸರಿಲ್ಲದ ಹುಡುಗ ಸಿಕ್ಕಿದನೇ ಎಂದು ನಾನಾಗಿಯೇ ಕೇಳಿದರೂ ಹೂಂ ಇಲ್ಲ, ಉಹೂಂ ಇಲ್ಲ. ಊಟ ಮಾಡುವಾಗ ನಾನು ಕೆಮ್ಮಿದರೆ ಮಾತ್ರ ಅವನ ಚಮಚ ಅರ್ಧದಲ್ಲೇ ನಿಲ್ಲುತ್ತದೆ.

ಏಪ್ರಿಲ್ ೨೦, ಶನಿವಾರ

ಈಸ್ಟರ್ ಬುಟ್ಟಿಗೆ ಪಾದ್ರಿಯ ಆಶೀರ್ವಾದ ಮಾಡಿಸಿಕೊಂಡು ಬಂದೆ. ಹ್ಯಾಮು, ಮೊಟ್ಟೆ, ಅಕ್ರೋಟಿನ ಪೊಟಿತ್ಸಾ ರೊಟ್ಟಿ, ಎಲ್ಲದರ ಮೇಲೆ ಅಮ್ಮನ ಕಸೂತಿಯ ಬಟ್ಟೆ. ಕಾರಿನಿಂದ ಇಳಿದಾಗ ಗ್ಯಾರೇಜಿನ ಬಾಗಿಲು ತೆರೆದಿತ್ತು. ವಿನ್ಸ್ ಕಸದ ಡಬ್ಬಿಯ ಎದುರು ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಹಳೇ ಬಣ್ಣ ಕೆರೆಯುವ ಚಪ್ಪಟೆ ಕತ್ತಿ.

ಆ ಪ್ರಶ್ನೆ ಚಿಹ್ನೆಯ ಟೇಪನ್ನು ಕೆರೆಯುತ್ತಿದ್ದ. ಮಳೆ, ಹಿಮ, ಬಿಸಿಲು ತಿಂದ ಟೇಪು ಎದ್ದು ಬರುತ್ತಿರಲಿಲ್ಲ, ಚೂರುಚೂರಾಗಿ ಹರಿಯುತ್ತಿತ್ತು.

"ಇರೋ ಬರೋ ಕಾಲೇಜನ್ನೆಲ್ಲ ಹುಡುಕ್ದೆ" ಎಂದ, ತಿರುಗದೆ. "ಆಶ್ಟಬ್ಯೂಲಾ ಊರಿನ ಮುದಿ ಕೋಚೊಬ್ಬನಿಗೂ ಫೋನ್ ಮಾಡ್ದೆ. ಶ್ವಾಸಕೋಶದಲ್ಲಿ ಚುಕ್ಕೆ ಇರೋ ಹುಡುಗ ಇಡೀ ದೇಶದಲ್ಲೇ ಇಲ್ಲ, ಮಾರ್ಲೀ."

ಬುಟ್ಟಿ ಕೈಯಲ್ಲೇ ಇತ್ತು. ಕೆಳಗಿಡಲು ಆಗಲಿಲ್ಲ.

"ಒಂದು ದಿನ ರಜಾ ಹಾಕಿದೋನಲ್ಲ ಅಂದೆ. ಹೇಳಿದ ಕೆಲಸ ಮಾಡ್ತಾನೆ, ಎದುರು ಮಾತಾಡ್ತಾನೆ ಅಂದೆ. ರೂಡಿ ಅಲ್ಲೇ ಹೇಳ್ದ ನಮ್ಮ ಮಾರ್ಲೀನ್ ಥರ ಅಂತ. ಆ ಪೆದ್ದನ ಬಾಯಲ್ಲಿ ಬಂತು, ನನ್ನ ತಲೆಗೆ ಹೋಗ್ಲಿಲ್ಲ. ನಾನು... ನಾನೇ ಅಂಟಿಸ್ದೆ ಕಣೆ ಇಲ್ಲಿ. ಬಿಚ್ಚಿಕೊಳ್ಳಬಾರ್ದು ಅಂತ ಉಜ್ಜಿ ಉಜ್ಜಿ ಅಂಟಿಸ್ದೆ."

"ನಿಂಗೆ ಗೊತ್ತಿರ್ಲಿಲ್ಲ."

"ನೀನು ಪಕ್ಕದಲ್ಲೇ ಕೂತಿದ್ದೆ!"

ಹಾಗೆ ಕೂಗಿದವನು ಎದ್ದು ಎರಡು ಹೆಜ್ಜೆ ಹಾಕಿ, ಸಿಕ್ಕಿದ ಕುರ್ಚಿಯಲ್ಲಿ ಕುಸಿದ. ಅದು ಫ್ರಾಂಕ್‌ನ ಕುರ್ಚಿ. ಕೂತ ಮೇಲೆಯೇ ಅವನಿಗೆ ಗೊತ್ತಾದದ್ದು. ಏಳಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಎಲ್ಲವನ್ನೂ ಹೇಳಿದೆ, ಕರವಸ್ತ್ರದ ಹನಿಯನ್ನೂ ಸೇರಿಸಿ. ಇಪ್ಪತ್ತೈದರ ವಿಷಯ ಮಾತ್ರ ಬಿಟ್ಟೆ.

ಹೇಳಿಬಿಟ್ಟರೆ ಭಯ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಈಗ ಇಬ್ಬರಿಗೂ ಭಯ.

ಏಪ್ರಿಲ್ ೨೨, ಸೋಮವಾರ

ಬೆಳಗ್ಗೆ ವಿನ್ಸ್ ತಾನೇ ಡಾಕ್ಟರ ಆಫೀಸಿಗೆ ಫೋನ್ ಮಾಡಿದ. ನಾನು ಬಚ್ಚಿಟ್ಟದ್ದು ಆಚೆ ಬಂತು. ಇಪ್ಪತ್ತೈದರ ಜಾಗವನ್ನು ಡಾಕ್ಟರ್ ಫೆಲ್ಡ್‌ಮನ್ ಇನ್ನೂ ಯಾರಿಗೂ ಕೊಟ್ಟಿರಲಿಲ್ಲವಂತೆ. "ನಿಮ್ಮ ಮನೆಯವರು ಮನಸ್ಸು ಬದಲಾಯಿಸ್ತಾರೆ ಅನ್ನಿಸ್ತು" ಅಂದರಂತೆ.

"ಅವತ್ತು ಡ್ರಾಫ್ಟು" ಎಂದೆ. ನನಗೇ ನಾಚಿಕೆಯಾಯಿತು.

"ಡ್ರಾಫ್ಟ್ ಎಲ್ಲಿಗೆ ಹೋಗತ್ತೆ? ಮುಂದಿನ ವರ್ಷ ನೋಡೋಣ" ಎಂದ.

ಮುಂದಿನ ವರ್ಷ ಎಂದ ಮೇಲೆ ಇಬ್ಬರೂ ಸುಮ್ಮನಾದೆವು. ಅವನು ಸಿಂಕಿನ ಕಡೆ ತಿರುಗಿ, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದ.

ಏಪ್ರಿಲ್ ೨೪, ಬುಧವಾರ

ರೂಡಿ, ಓಡೆಲ್ ಇಬ್ಬರೂ ಬಂದಿದ್ದರು. ರೂಡಿ ಬಾಗಿಲ ಬಳಿ ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತ ನಿಂತಿದ್ದ. ಅವನ ಬಾಯಿ ಬಂದ್ ಆಗಿದ್ದು ನೋಡಿಯೇ ನನಗೆ ಹೆದರಿಕೆ ಹೆಚ್ಚಾಯಿತು. ಓಡೆಲ್ ನನ್ನ ಎರಡೂ ಕೈ ಹಿಡಿದುಕೊಂಡು, "ಅವತ್ತು ಉತ್ತರ ಕೊಡ್ಲಿಲ್ಲ ನೀನು, ಮಿಸ್ ಮಾರ್ಲೀನ್. ತಗೋತಿದ್ದ್ಯಾ ಅವನನ್ನ?" ಎಂದ.

"ಮೊದಲನೇ ಸುತ್ತಲ್ಲೇ ತಗೋತಿದ್ದೆ" ಎಂದೆ. ಯಾವಾಗ ಹಾಗೆ ಅನ್ನಿಸತೊಡಗಿತೋ ಗೊತ್ತಿಲ್ಲ, ನನಗೆ ಮೊದಲಿಂದಲೂ ಹಾಗೇ ಅನ್ನಿಸುತ್ತಿತ್ತು.

ಚೀಲದಲ್ಲಿ ನೈಟಿ, ಚಪ್ಪಲಿ, ಜಪಮಾಲೆ. ಭಯ. ಬೇರೇನು ಬರೆಯಲಿ.

ಏಪ್ರಿಲ್ ೨೬, ಶುಕ್ರವಾರ

ಅಕ್ಷರ ಸೊಟ್ಟಗಿದೆ, ಕೈಗೆ ಸೂಜಿ ಚುಚ್ಚಿದ್ದಾರೆ. ಪಕ್ಕೆಯಲ್ಲಿ ಯಾರೋ ಕಾಯಿಸಿದ ಸರಳು ಇಟ್ಟುಹೋದ ಹಾಗೆ ಉರಿ.

ನಿನ್ನೆಯದು ಏನೂ ನೆನಪಿಲ್ಲ. ಬೆಳಗ್ಗೆ ಸರಿಯಾಗಿ ಎಚ್ಚರವಾದಾಗ ವಿನ್ಸ್ ಪಕ್ಕದ ಕುರ್ಚಿಯಲ್ಲಿದ್ದ, ನಿನ್ನೆಯದೇ ಅಂಗಿ, ಗಡ್ಡ ಬೆಳೆದಿತ್ತು.

"ಯಾರನ್ನ ತಗೊಂಡ್ವಿ?" ಎಂದೆ.

"ಎಲ್ಲಿ?"

"ಎಲ್ಲಿ ಅಂದ್ರೇನು? ಡ್ರಾಫ್ಟಲ್ಲಿ."

"ಗೊತ್ತಿಲ್ಲ" ಎಂದ.

ನನ್ನ ಜೀವವೇ ಹಾರಿಹೋಯಿತು. ವಿನ್ಸ್ ಹ್ರೋವಾಟ್‌ಗೆ ಗೊತ್ತಿಲ್ಲ! ತಂಗಿಯ ಮದುವೆಯ ದಿನ ಚರ್ಚಿನ ಮೊದಲ ಸಾಲಿನಲ್ಲಿ ಕೂತು, ಕೋಟಿನೊಳಗೆ ರೇಡಿಯೊ ಬಚ್ಚಿಟ್ಟು ಡ್ರಾಫ್ಟ್ ಕೇಳಿದ ಪ್ರಾಣಿ ಇದು. ಇವನಿಗೆ ಗೊತ್ತಿಲ್ಲವೆಂದರೆ ಡಾಕ್ಟರ್ ಇವನಿಗೆ ಏನೋ ಹೇಳಿದ್ದಾರೆ, ನನ್ನ ಕಥೆ ಮುಗಿದಿದೆ.

"ಡಾಕ್ಟರ್ ಏನಂದ್ರು? ನಿಜ ಹೇಳು."

"ಆಪರೇಷನ್ ಚೆನ್ನಾಗಾಯ್ತು ಅಂದ್ರು. ತೆಗೆದಿದ್ದನ್ನ ಪರೀಕ್ಷೆಗೆ ಕಳ್ಸಿದಾರೆ, ಮುಂದಿನ ವಾರ ಹೇಳ್ತಾರಂತೆ."

"ಅಷ್ಟೇನಾ?"

"ಅಷ್ಟೇ, ದೇವರಾಣೆ."

"ಮತ್ತೆ ಡ್ರಾಫ್ಟ್ ಯಾಕೆ ನೋಡ್ಲಿಲ್ಲ? ಟೀವಿ ಇಲ್ಲೇ ಇದೆಯಲ್ಲೋ!"

"ನೀನು ಉಸಿರಾಡ್ತಿದ್ದೆ" ಎಂದ, ಕಳ್ಳ ಸಿಕ್ಕಿಬಿದ್ದವನ ಹಾಗೆ. "ಅದನ್ನ ನೋಡ್ತಾ ಕೂತಿದ್ದೆ."

ನಗು ಬಂತು, ನಕ್ಕರೆ ಹೊಲಿಗೆ ಕಿತ್ತು ಬರುವಂಥ ನೋವು. ಎರಡೂ ತಡೆಯಲಾಗದೆ ದಿಂಬು ಅಪ್ಪಿಕೊಂಡೆ.

ಮಧ್ಯಾಹ್ನ ರೂಡಿ ಬಂದ ಮೇಲೆಯೇ ಸುದ್ದಿ ತಿಳಿದದ್ದು. ನಮ್ಮವರು ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡಿದ್ದಾರೆ. "ಮತ್ತೆ ಕ್ವಾರ್ಟರ್‌ಬ್ಯಾಕಾ!" ಎಂದು ವಿನ್ಸ್ ತಲೆ ಚಚ್ಚಿಕೊಂಡ. ಪೆಟ್‌ವೇಯನ್ನು ಮೊದಲ ಸುತ್ತಿನಲ್ಲಿ ಯಾರೂ ಕರೆಯಲಿಲ್ಲವಂತೆ. ಎಲ್ಲ ಹುಡುಗರೂ ಎದ್ದು ಹೋದ ಮೇಲೂ ಅವನು ತಾಯಿಯ ಜೊತೆ ಮೇಜಿನ ಬಳಿ ಕೂತೇ ಇದ್ದನಂತೆ.

ಸಂಜೆ ಎರಡನೇ ಸುತ್ತು. ವಿನ್ಸ್ ಮಂಚದ ತಲೆಭಾಗ ಎತ್ತಿಸಿ ಟೀವಿ ಹಾಕಿದ. ಪೆಟ್‌ವೇ ಇವತ್ತೂ ಬಂದಿದ್ದ, ಬೇರೆ ಸೂಟು, ತಾಯಿ ಮತ್ತೆ ಕಾಲರ್ ಸರಿಮಾಡುತ್ತಿದ್ದಳು. ನಮ್ಮ ಸರದಿ ಬಂತು. "ತಗೊಳ್ರೋ, ತಗೊಳ್ರೋ ಅವನನ್ನ!" ಎಂದು ಕೂಗಿದೆ. ನಮ್ಮವರು ಇನ್ನಾರನ್ನೋ ಕರೆದರು. ನನ್ನ ಪಕ್ಕದ ಯಂತ್ರ ಕಿರುಚಿಕೊಂಡಿತು. ನರ್ಸ್ ಓಡಿ ಬಂದು, ಟೀವಿ ಆರಿಸುತ್ತೇನೆ ನೋಡಿ ಎಂದು ಗದರಿ ಹೋದಳು.

ಮುಂದಿನ ಸರದಿ ಪಿಟ್ಸ್‌ಬರ್ಗ್‌ನದು. ಎರಡು ಗಂಟೆ ದಾರಿಯಾಚೆಯ ನಮ್ಮ ಹುಟ್ಟು ವೈರಿಗಳು. ಅವರು ಡೇಮನ್ ಪೆಟ್‌ವೇ ಎಂದರು. ಆ ಬೆಟ್ಟದಂಥ ಹುಡುಗ ಎದ್ದು, ಬಗ್ಗಿ, ಗುಬ್ಬಿಯಂಥ ತಾಯಿಯ ಹೆಗಲಲ್ಲಿ ಮುಖ ಹುದುಗಿಸಿದ. ಕತ್ತು ಚೆನ್ನಾಗಿಯೇ ಬಗ್ಗಿತು.

"ಕೆಟ್ವಿ!" ವಿನ್ಸ್ ತಲೆಯ ಮೇಲೆ ಕೈ ಹೊತ್ತ. "ಇನ್ನು ಹತ್ತು ವರ್ಷ, ವರ್ಷಕ್ಕೆರಡು ಸಲ, ಅವನು ನಮ್ಮೆದುರೇ ಆಡ್ತಾನೆ. ಹತ್ತು ವರ್ಷ ನೀನು ನನ್ನ ತಲೆ ತಿಂತೀಯ, ನಾನು ಹೇಳಿರ್ಲಿಲ್ವಾ, ನಾನು ಹೇಳಿರ್ಲಿಲ್ವಾ ಅಂತ."

ಅಂದವನು ತಟ್ಟನೆ ನಿಲ್ಲಿಸಿದ. ಸೋಮವಾರ ಸಿಂಕಿನ ಮುಂದೆ ನಿಲ್ಲಿಸಿದ ಹಾಗೆಯೇ. ಅವನ ಕಣ್ಣು ನನ್ನ ಮುಖದಿಂದ ಯಂತ್ರಕ್ಕೆ, ಯಂತ್ರದಿಂದ ನೆಲಕ್ಕೆ ಇಳಿಯಿತು. ರಿಪೋರ್ಟು ಬರುವುದು ಮುಂದಿನ ವಾರ. ಆದರೂ ಈ ಸಲ ಸುಮ್ಮನಿರಲು ನನ್ನಿಂದಾಗಲಿಲ್ಲ.

"ತಿಂತೀನಿ" ಎಂದೆ. "ಹತ್ತು ವರ್ಷಾನೂ ತಿಂತೀನಿ. ಕಿವಿ ಗಟ್ಟಿ ಮಾಡ್ಕೊಂಡಿರು."